ಪೇಟಿ ಮಾಸ್ತರರ ಬಾಕಿ ಮಂಗಳ

ಕಪ್ಪು ರೆಕ್ಸಿನ್ ಚೀಲದ ಜಿಪ್ಪನ್ನು ಅರ್ಧ ಎಳೆದಿದ್ದೆನೋ ಇಲ್ಲವೋ, ಒಳಗಿನಿಂದ ವಿಭೂತಿಯ ವಾಸನೆ ಬಂತು. ಅದರ ಬೆನ್ನಿಗೇ ಕೊಬ್ಬರಿ ಎಣ್ಣೆ, ಎಲೆ ಅಡಿಕೆ, ನಾಟಕದವರು ಮುಖಕ್ಕೆ ಬಳಿದುಕೊಳ್ಳುವ ಬಣ್ಣ... ಎಲ್ಲ ಸೇರಿದ ಒಂದು ವಾಸನೆ. ಚೀಲದಲ್ಲಿದ್ದದ್ದು ಹಳೆಯ ಎಲೆಕ್ಟ್ರಾನಿಕ್ ಕೀಬೋರ್ಡು. ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅದನ್ನು ತಂದವಳು ಪೇಟಿ ಮಾಸ್ತರರ ಮಗಳು.

"ಅಪ್ಪ ಹೋಗಿ ವರ್ಷ ಆತ್ರಿ ಅಕ್ಕಾ. ಮನ್ಯಾಗ ಇದನ್ನ ಬಾರ್ಸೋರು ಯಾರೂ ಇಲ್ಲ. ಸಿಂಧನೂರು ಅಕ್ಕೋರಿಗೆ ಮುಟ್ಟಿಸು, ನಮ್ದೊಂದು ಮಂಗಳ ಬಾಕಿ ಉಳದೈತಿ ಅಂತ ಹೇಳಿದ್ದ. ಯಾವ ಮಂಗಳ ಅಂತ ನನಗೇನು ತಿಳೀಲಿಲ್ರಿ" ಎಂದಳು.

ನನಗೆ ತಿಳಿಯಿತು. ನಗು ಬಂತು. ಅವಳನ್ನು ಕೂರಿಸಿ ಚಹಾ ಕೊಟ್ಟು, ಆ ಹಳೆಯ ಕಥೆಯನ್ನೆಲ್ಲ ಹೇಳಿದೆ.

ಆಗಿನ್ನೂ ಊರಿಗೆ ಮೊಬೈಲು ಬಂದಿರಲಿಲ್ಲ. ಸಿಂಧನೂರಿನ ಬಸ್ ನಿಲ್ದಾಣದ ಹಿಂದೆ, ಅಕ್ಕಿ ಗಿರಣಿಗಳ ರಸ್ತೆಯಲ್ಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ಗಿರಣಿಯ ತೌಡು ಕಿಟಕಿಯಿಂದ ಹಾರಿ ಬಂದು ಮೌಸಿನ ಚೆಂಡಿಗೆ ಮೆತ್ತಿಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಕೆರೆದು ತೆಗೆಯುವುದೇ ನನ್ನ ಮೊದಲ ಪೂಜೆ. ನಮ್ಮ ಗೋಡೆಗೆ ಅಂಟಿಕೊಂಡು ಒಂದು ಎಸ್‌ಟಿಡಿ ಬೂತ್ ಇತ್ತು. ಪೇಟಿ ಮಾಸ್ತರರು ಭಾನುವಾರ ಬರುತ್ತಿದ್ದುದು ಆ ಬೂತಿಗೆ.

ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಮಾಸ್ತರರು ಮಸ್ಕಿಯವರು. ಹಳ್ಳಿಗಳ ಹುಡುಗರು ನಾಟಕ ಆಡಬೇಕೆಂದರೆ ಇವರು ಹೋಗಿ ಹಾಡು ಕಲಿಸಬೇಕು, ನಾಟಕದ ದಿನ ರಂಗದ ಮುಂದೆ ಕೂತು ಪೇಟಿ ಬಾರಿಸಬೇಕು. ವಾರವಿಡೀ ಮುಕ್ಕುಂದವೋ ವಳಕಮದಿನ್ನಿಯೋ ಅಲ್ಲಿ ಇಲ್ಲಿ ಇದ್ದು, ಭಾನುವಾರ ಊರಿಗೆ ಹೊರಟವರು ಸಿಂಧನೂರಿನಲ್ಲಿ ಇಳಿದು, ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳಿಗೆ ಫೋನು ಮಾಡುತ್ತಿದ್ದರು. ಲೈನು ಸಿಗುವವರೆಗೆ ನಮ್ಮ ಸೆಂಟರಿನ ಮೆಟ್ಟಿಲೇ ಅವರ ಆಸನ. ಹೊಸದಾಗಿ ಕೀಬೋರ್ಡು ಕೊಂಡಿದ್ದರು, ಅದನ್ನೂ ಪೇಟಿ ಎಂದೇ ಕರೆಯುತ್ತಿದ್ದರು. ಅದು ಇಡೀ ಜಿಲ್ಲೆಯಲ್ಲೇ ದೊಡ್ಡ ಪೇಟಿ ಎಂದು ಅವರ ಅಂಬೋಣ. ಜಂಬಕ್ಕೆ ಅವರಲ್ಲಿ ಎಂದೂ ಬರಗಾಲ ಇರಲಿಲ್ಲ.

ಭಾನುವಾರ ಪಾಠ ಇರುತ್ತಿರಲಿಲ್ಲ. ಮಾಲೀಕರು ಕೀಲಿ ನನ್ನ ಹತ್ತಿರವೇ ಬಿಟ್ಟಿದ್ದರಿಂದ ನಾನು ಒಬ್ಬಳೇ ಕೂತು, ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿದ್ದ ಒಂದು ಸಾಹಸದ ಆಟ ಆಡುತ್ತಿದ್ದೆ. ಹೊಡೆದಾಟ ಬಡಿದಾಟ ಇಲ್ಲದ ಆಟ. ಒಬ್ಬ ಅಂಬಿಗ ಕಡಲಲ್ಲಿ ಕಳೆದುಹೋದ ತಮ್ಮನನ್ನು ಹುಡುಕುತ್ತ ಒಂದು ದ್ವೀಪಕ್ಕೆ ಬರುತ್ತಾನೆ. ಕಂಡ ಕಂಡವರನ್ನು ಮಾತಾಡಿಸಬೇಕು, ಸಿಕ್ಕಿದ ಸಾಮಾನು ಜೋಡಿಸಿಟ್ಟುಕೊಳ್ಳಬೇಕು, ಮುಚ್ಚಿದ ಬಾಗಿಲು ತೆರೆಯಬೇಕು. ಚಿತ್ರ ಚೆಂದ ಇತ್ತು. ಸಂಗೀತ ಮಾತ್ರ ನಮ್ಮ ಕಂಪ್ಯೂಟರಿನ ಬಾಯಲ್ಲಿ ಕೆಟ್ಟು ಕೆರ ಹಿಡಿದಿತ್ತು.

ಒಂದು ಭಾನುವಾರ ಮಾಸ್ತರರು ಬಾಗಿಲಿನಿಂದ ಇಣುಕಿ, "ಏನ್ರಿ ಅಕ್ಕೋರ, ಸೊಳ್ಳಿ ಹಿಡದು ಡಬ್ಬ್ಯಾಗ ಹಾಕೀರೇನು?" ಎಂದರು.

ನನಗೆ ಸಿಟ್ಟು ಬಂತು. ಆದರೆ ಅವರ ಪೇಟಿಯ ಬೆನ್ನಿನಲ್ಲಿ ಐದೈದು ತೂತಿನ ಎರಡು ದುಂಡನೆಯ ಕಿಂಡಿಗಳನ್ನು ಕಂಡು ಸಿಟ್ಟು ಹಾರಿಹೋಯಿತು. ಅವು ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಮಿಡಿ ಕಿಂಡಿಗಳು. ಆಟದ ಸೆಟ್ಟಿಂಗಿನಲ್ಲಿ, ಸಂಗೀತವನ್ನು ಹೊರಗಿನ ವಾದ್ಯಕ್ಕೆ ಕಳಿಸುವ ದಾರಿ ಇದೆ ಎಂದು ನಾನು ಓದಿದ್ದೆ. ಕಂಪ್ಯೂಟರು ಶಬ್ದ ಕಳಿಸುವುದಿಲ್ಲ, ಇಂಥ ಸ್ವರ, ಇಷ್ಟು ಜೋರು, ಇಷ್ಟನೇ ನಂಬರಿನ ವಾದ್ಯ ಎಂದು ಅಪ್ಪಣೆ ಮಾತ್ರ ಕಳಿಸುತ್ತದೆ, ಬಾರಿಸುವುದು ನಿಮ್ಮ ಪೇಟಿ ಎಂದು ವಿವರಿಸಿದೆ.

"ಅಂದ್ರ ನಿಮ್ಮ ಡಬ್ಬಿ ಮಾಲಕ, ನಮ್ಮ ಪೇಟಿ ಆಳು ಅನ್ರಿ" ಎಂದು ಮುಖ ಗಂಟಿಕ್ಕಿದರೂ, ರಾಯಚೂರಿನ ಅಂಗಡಿಯವನ ಬೆನ್ನು ಬಿದ್ದು ಹೈದರಾಬಾದಿನಿಂದ ತಂತಿ ತರಿಸಿದವರು ಅವರೇ.

ತಂತಿ ಬಂದ ಭಾನುವಾರ ಮಾಸ್ತರರು ಪೇಟಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಕೂತರು. ನಾನು ಆಟ ಶುರು ಮಾಡಲು ಹೋದರೆ ಕೈ ಅಡ್ಡ ಹಿಡಿದರು. ಅವರ ಪ್ರಕಾರ ಇದು ನಾಟಕ. ಊರು ಬೇರೆ ಇರಬಹುದು, ಪಾತ್ರಗಳು ಪರದೆಯೊಳಗೆ ಇರಬಹುದು, ಆದರೂ ನಾಟಕ ನಾಟಕವೇ. ಮೊದಲು ನಾಂದಿ ಆಗಬೇಕು. ಹೀಗಾಗಿ ನಮ್ಮ ಸೆಂಟರಿನಲ್ಲಿ ಅವರು ಕಣ್ಣು ಮುಚ್ಚಿ ನಾಂದಿ ಹಾಡಿದರು, ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ನಾಂದಿ ಮುಗಿದು ಆಟ ತೆರೆಯಿತು. ಪೇಟಿ ಗಪ್ಪನೆ ಕೂತಿತ್ತು.

"ನಿಮ್ಮ ಡಬ್ಬಿಗೆ ಸ್ವರಜ್ಞಾನ ಇಲ್ರಿ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತ. ನಿಮ್ಮ ಪೇಟೀನ ಕಿವುಡೈತಿ ಮಾಸ್ತರ್ರ" ಎಂದೆ ನಾನೂ ಬಿಡದೆ.

ಸ್ವಲ್ಪ ಹೊತ್ತು ಇಬ್ಬರೂ ಪರಸ್ಪರರ ಯಂತ್ರಕ್ಕೆ ಬೈದುಕೊಂಡೆವು. ತಂತಿಯ ತುದಿಯಲ್ಲಿ ಎರಡು ಪಿನ್ನುಗಳಿದ್ದವು, ಒಂದರ ಮೇಲೆ ಔಟ್, ಇನ್ನೊಂದರ ಮೇಲೆ ಇನ್ ಎಂದು ಬರೆದಿತ್ತು. ಪೇಟಿಯ ಕಿಂಡಿಗಳ ಮೇಲೂ ಅದೇ ಬರಹ. ನಾವು ಔಟನ್ನು ಔಟಿಗೂ ಇನ್ನನ್ನು ಇನ್ನಿಗೂ ಸೇರಿಸಿ ಶಾಣ್ಯಾರಾಗಿದ್ದೆವು. ಕಂಪ್ಯೂಟರಿನಿಂದ ಹೊರಟದ್ದು ಪೇಟಿಯ ಒಳಗೆ ಹೋಗಬೇಕಲ್ಲವೇ ಎಂದು ಹೊಳೆದ ಕೂಡಲೇ ಅದಲು ಬದಲು ಮಾಡಿದೆ.

ಪೇಟಿ ಬಾಯಿ ಬಿಟ್ಟಿತು. ಯಾರೂ ಮುಟ್ಟದೆ, ಬೆರಳೊತ್ತುವ ಯಾವ ಮನೆಯೂ ಕೆಳಗಿಳಿಯದೆ, ಒಳಗೆ ಹತ್ತು ಜನ ಕೂತಿರುವಂತೆ ತುಂಬಿಕೊಂಡು ನುಡಿಯಿತು. ಮಾಸ್ತರರು ಎರಡೂ ಕೈ ಮೇಲೆತ್ತಿ ಕುರ್ಚಿ ಸಮೇತ ಹಿಂದೆ ಸರಿದರು. "ಯವ್ವಾ! ಒಳಗ ಯಾರರ ಹೊಕ್ಕಾರೇನ್ರಿ?" ಎಂದರು. ಆಮೇಲೆ ನಕ್ಕರು ನೋಡಿ... ಆ ನಗು ನೆನೆದರೆ ಈಗಲೂ ಹೊಟ್ಟೆ ತುಂಬುತ್ತದೆ.

ಅಷ್ಟರಲ್ಲಿ ಅಂಬಿಗ ಒಬ್ಬ ಮುದುಕಿಯ ಗುಡಿಸಲಿಗೆ ಹೋದ. ಅಲ್ಲಿ ಕೊಳಲು ಬರಬೇಕಿತ್ತು. ಬಂದದ್ದು ಟ್ರಿಣ್ ಟ್ರಿಣ್ ಎಂದು ಟೆಲಿಫೋನಿನ ಗಂಟೆ. ಆ ಆಟದ ಸಂಗೀತ ಬೇರೊಂದು ಜಾತಿಯ ಯಂತ್ರಕ್ಕೆಂದು ಬರೆದದ್ದು. ಅದರಲ್ಲಿ ಕೊಳಲಿಗಿದ್ದ ನಂಬರು ಮಾಸ್ತರರ ಪೇಟಿಯಲ್ಲಿ ಟೆಲಿಫೋನಿಗಿತ್ತು. ಗೋಡೆಯಾಚೆ ಬೂತಿನವರು ರಿಸೀವರ್ ಎತ್ತಿ "ಹಲೋ, ಹಲೋ" ಎಂದು ಕೂಗಿದರು, ಇಟ್ಟರು, ಮತ್ತೆ ಎತ್ತಿದರು. ಕೊನೆಗೆ ನಮ್ಮ ಬಾಗಿಲಿಗೇ ಬಂದು ನಿಂತು, ಪೇಟಿಯನ್ನೂ ನಮ್ಮನ್ನೂ ನೋಡಿ, "ಇದರಾಗ ಲಿಂಗಸುಗೂರು ಲೈನ್ ಸಿಗತೈತೇನ್ರಿ ಮಾಸ್ತರ್ರ?" ಎಂದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಾಸ್ತರರಿಗೆ ಇದಕ್ಕೆ ಮದ್ದು ಗೊತ್ತಿತ್ತು. ಪೇಟಿಯ ಬಟನ್ ಒತ್ತಿ ವಾದ್ಯ ಬದಲಿಸಿದರಾಯಿತು. ಆದರೆ ಅಂಬಿಗ ಮುಂದಿನ ಜಾಗಕ್ಕೆ ಹೋದ ಕೂಡಲೇ ಆಟ ಮತ್ತೆ ತನ್ನ ನಂಬರೇ ಕಳಿಸುತ್ತಿತ್ತು. ಅದಕ್ಕೇ ಅವರು ರಂಗದ ಮುಂದೆ ಕೂರುವ ಹಾಗೆ ಕೂತರು. ಕಣ್ಣು ಪರದೆಯ ಮೇಲೆ, ಬೆರಳು ಬಟನ್ ಮೇಲೆ. ಪಾತ್ರ ಒಳಗೆ ಬರುವುದಕ್ಕೂ ಬೆರಳು ಬೀಳುವುದಕ್ಕೂ ಸರಿಹೋಗುತ್ತಿತ್ತು. ಅಂಬಿಗನಿಗೆ ಶಹನಾಯಿ ಕೊಟ್ಟರು, ನಾಯಕ ಅಂದಮೇಲೆ ಮರ್ಯಾದೆ ಬೇಡವೇ ಎಂದು. ದ್ವೀಪದ ಕಳ್ಳ ಸಾಹುಕಾರನಿಗೆ ಢಂ ಎನ್ನುವ ನಗಾರಿ. ಗುಡಿಸಲಿನ ಮುದುಕಿಗೆ ಮಾತ್ರ ಹಾರ್ಮೋನಿಯಮ್ಮಿನದೇ ದನಿ. ನಾನು ಅವಸರ ಮಾಡಿದರೆ ಗದರುತ್ತಿದ್ದರು.

"ಗಡಬಡ ಮಾಡಬ್ಯಾಡ್ರಿ ಅಕ್ಕೋರ. ಅವ ಬಾಗಲದಾಗ ಒಂದು ಗಳಿಗಿ ನಿಂತು ಮಂದಿಗೆ ಮುಖ ತೋರಸಲಿ. ಆಮ್ಯಾಲ ಒಳಗ ಕರ್ಕೊಂಡು ಬರ್ರಿ."

ನಾನು ಬಾಗಿಲಲ್ಲಿ ಅಂಬಿಗನನ್ನು ನಿಲ್ಲಿಸುತ್ತಿದ್ದೆ, ಅವರು ಶಹನಾಯಿ ಬಿಡುತ್ತಿದ್ದರು. ಬೀಗದ ಕೈ ಸಿಗದೆ ನಾನು ಒಂದೇ ಕಡೆ ತಿಣುಕುತ್ತ ಕೂತರೆ ರಾಗ ತಿರುಗಿ ತಿರುಗಿ ಅದೇ ಬರುತ್ತಿತ್ತು. ಆಗ "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ಆಟಕ್ಕೆ ಬೈದು, ನಡುವೆ ತಮ್ಮದೊಂದು ತಾನ ಸೇರಿಸುತ್ತಿದ್ದರು. ಬೂತಿನವರು ಕರೆದರೆ ಓಡಿಹೋಗಿ ಮಗಳ ಹತ್ತಿರ ಮಾತಾಡಿ ಬರುತ್ತಿದ್ದರು. ಗೋಡೆಯಾಚೆಯಿಂದ ನನಗೆ ಕೇಳುತ್ತಿದ್ದುದು, ಅಂಬಿಗ ಎಲ್ಲಿಯವರೆಗೆ ಬಂದ ಎಂಬ ವರದಿ. ಓದು ಹೇಗೆ ನಡೆದಿದೆ ಎಂಬ ಮಾತು ಆಮೇಲೆ.

ಮೂರು ನಾಲ್ಕು ತಿಂಗಳು ಹೀಗೆ ಕಳೆದವು. ಅಂಬಿಗ ಕೊನೆಗೆ ದೀಪಸ್ತಂಭದ ಬಾಗಿಲಿಗೆ ಬಂದ. ಒಳಗೆ ತಮ್ಮ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಮುಂದಿನ ಭಾನುವಾರ ಮುಗಿಸಿ ಮಂಗಳ ಹಾಡೋಣ ಎಂದುಕೊಂಡೆವು. ಆ ವಾರವೇ ಮಾಲೀಕರು ಹಳೆಯ ಕಂಪ್ಯೂಟರುಗಳನ್ನೆಲ್ಲ ಕೊಟ್ಟು ಹೊಸವನ್ನು ತಂದರು. ಹೊಸದರಲ್ಲಿ ಆ ತಂತಿಗೆ ಕಿಂಡಿಯೇ ಇರಲಿಲ್ಲ, ಆಟವೂ ಏಳಲಿಲ್ಲ. ಮಾಸ್ತರರು ವಿಭೂತಿ ಹಚ್ಚಿದ ಪೇಟಿ ಹೊತ್ತು ಬಂದವರು ಬಾಗಿಲಲ್ಲೇ ನಿಂತರು.

"ನಾಂದಿ ಹಾಡಿದ ನಾಟಕ ಮಂಗಳ ಇಲ್ಲದ ಬಿಡಬಾರದ್ರಿ" ಎಂದರು, ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಬೂತು ಹೋಗಿ ಮೊಬೈಲಿನ ಅಂಗಡಿ ಬಂತು. ಮಾಸ್ತರರು ಬಸ್ ನಿಲ್ದಾಣದಲ್ಲಿ ಯಾವಾಗಲಾದರೂ ಸಿಕ್ಕರೆ, ದೂರದಿಂದಲೇ ಕೈ ಎತ್ತಿ, "ಅಕ್ಕೋರ, ಅವ ಇನ್ನಾ ಬಾಗಲದಾಗ ನಿಂತಾನ ನೋಡ್ರಿ!" ಎಂದು ಕೂಗುತ್ತಿದ್ದರು. ಕೇಳಿದವರು ಯಾರೋ ಪಾಪದ ನೆಂಟ ಎಂದುಕೊಂಡಿರಬೇಕು. ಇವತ್ತು ನಾಳೆ ಎನ್ನುತ್ತ ವರ್ಷಗಳು ಹೋದವು...

ಮಗಳು ಕೀಬೋರ್ಡು ತಂದು ಕೊಟ್ಟ ಮೇಲೆ ನಾನು ಕಪಾಟಿನಿಂದ ಆ ಸಿಡಿ ಹುಡುಕಿ ತೆಗೆದೆ. ಹಳೆಯ ಆಟಗಳನ್ನು ಹೊಸ ಯಂತ್ರದಲ್ಲಿ ಓಡಿಸುವ ತಂತ್ರಾಂಶ ಈಗ ಪುಕ್ಕಟೆ ಸಿಗುತ್ತದೆ. ಆಟ ಬರೆದವರು ಬಯಸಿದ ಸಂಗೀತವನ್ನೇ ಅದು ಹಾಗೆಯೇ ಕೇಳಿಸುತ್ತದೆ. ಕೇಳಿದೆ. ಗುಡಿಸಲಿನಲ್ಲಿ ಕೊಳಲು, ಅಂಬಿಗನಿಗೆ ಪಿಟೀಲು, ಎಲ್ಲ ಇದ್ದಲ್ಲೇ ಇತ್ತು. ಇಂಪಾಗಿಯೇ ಇತ್ತು, ಆದರೆ ನನ್ನ ಅಂಬಿಗ ಶಹನಾಯಿ ಇಲ್ಲದೆ ಅನಾಥನಂತೆ ಓಡಾಡುತ್ತಿದ್ದ. ಅದನ್ನು ನಿಲ್ಲಿಸಿ, ಮಾಸ್ತರರ ಪೇಟಿಗೇ ಜೋಡಿಸಲು ಹೊಸ ತಂತಿ ತರಿಸಿದೆ. ಸಂಜೆ ಹೊತ್ತು ಒಬ್ಬಳೇ ಕೂತು, ಪೇಟಿ ಜೋಡಿಸದೆಯೇ, ಆಟವನ್ನು ಮೊದಲಿನಿಂದ ಆಡುತ್ತ ದೀಪಸ್ತಂಭದ ಬಾಗಿಲವರೆಗೆ ತಂದು ನಿಲ್ಲಿಸಿದೆ. ಆಮೇಲೆ ಲಿಂಗಸುಗೂರಿಗೆ ಫೋನು ಮಾಡಿದೆ.

ಭಾನುವಾರ ಅವಳು ಬಂದಳು. ತಂತಿಯನ್ನು ನಾನೇ ಚುಚ್ಚಿದೆ, ಪೇಟಿ ಗಪ್ಪನೆ ಕೂತಿತು. ಇಷ್ಟು ವರ್ಷ ಕಂಪ್ಯೂಟರ್ ಪಾಠ ಹೇಳಿದವಳು ಮತ್ತೆ ಔಟನ್ನು ಔಟಿಗೇ ಸೇರಿಸಿದ್ದೆ. ಬದಲಿಸಿದೆ, ನುಡಿಯಿತು. ಅಪ್ಪನ ಜಾಗದಲ್ಲಿ ಕೂತ ಅವಳಿಗೆ ಶಹನಾಯಿಯ ಬಟನ್ ತೋರಿಸಿದೆ. ಅಂಬಿಗನನ್ನು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಿಸಿ ಮುಖ ತೋರಿಸಿ, ಒಳಗೆ ಕಳಿಸಿದೆ.

ತಮ್ಮ ಇದ್ದ. ಎಣ್ಣೆ ತೀರಿದ ದೀಪದ ಪಕ್ಕ ಕೂತಿದ್ದವನು ಎದ್ದು ಬಂದು ಅಣ್ಣನನ್ನು ತಬ್ಬಿಕೊಂಡ. ಆಟ ಬರೆದವರು ಅಲ್ಲಿಗೆ ಕೊಳಲು ಇಟ್ಟಿದ್ದರು. ಮಗಳ ಬೆರಳು ಬಟನ್ ಮುಟ್ಟುವ ಮೊದಲೇ ಪೇಟಿ ಟ್ರಿಣ್ ಟ್ರಿಣ್ ಎಂದು ಬಡಿದುಕೊಂಡಿತು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅವಳು ಮುಷ್ಟಿಯನ್ನು ಕಿವಿಗೆ ಹಿಡಿದು, ಹಾಸ್ಟೆಲಿನಲ್ಲಿ ಭಾನುವಾರಕ್ಕೊಮ್ಮೆ ಹೇಳುತ್ತಿದ್ದಂತೆಯೇ, "ಹಲೋ, ಅಪ್ಪಾ?" ಎಂದಳು.

ಎಂದವಳು ನಗು ನಿಲ್ಲಿಸಿದಳು. ಮುಷ್ಟಿ ಕಿವಿಯಲ್ಲೇ ಇತ್ತು. ಗಂಟೆ ಬಾರಿಸುತ್ತಲೇ ಇತ್ತು. ಮಾಸ್ತರರು ಇಲ್ಲ ಎಂಬುದು ಆ ಕೋಣೆಯಲ್ಲಿ ಆಗ ನನ್ನ ಎದೆಗೆ ತಾಗಿದಷ್ಟು ಅವರು ಹೋದ ಸುದ್ದಿ ಬಂದ ದಿನವೂ ತಾಗಿರಲಿಲ್ಲ.

"ಅವ ಒಳಗ ಹೋದ ಅಂತ ಹೇಳವ್ವ" ಎಂದೆ. "ಮಂಗಳ ಹಾಡಾಕತ್ತೀವಿ, ಕೇಳು ಅನ್ನು."

ಹೇಳಿದಳು. ಗಂಟೆ ತಾನಾಗಿ ನಿಂತಿತು. ಪೇಟಿಯ ಒಂದು ಬಿಳಿ ಮನೆಯ ಮೇಲೆ ಮಾಸ್ತರರು ಷಡ್ಜದ ಗುರುತಿಗೆ ಇಟ್ಟ ಕುಂಕುಮದ ಬೊಟ್ಟು ಮಾಸಿ ಉಳಿದಿತ್ತು. ಅವಳು ಅದರ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು. ಇಬ್ಬರೂ ಮಂಗಳ ಹಾಡಿದೆವು.