ಹಸಿರು ಚಾದರದ ಗಂಟು

ಆ ಬೆಳಿಗ್ಗೆ ಗಂಟನ್ನು ಸ್ಕೂಟರಿನ ಮುಂದೆ, ನನ್ನ ಕಾಲ ಹತ್ತಿರ ಇಟ್ಟುಕೊಂಡಿದ್ದೆ. ಹಳೆಯ ಹಸಿರು ಚಾದರದಲ್ಲಿ ಕಟ್ಟಿದ ಮಕ್ಕಳ ಚಿತ್ರಗಳು. ನನ್ನ ಹೆಂಡತಿ ವಡೋದರಾದ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದಳು. ಮುಂದೆ ಪ್ರಾಥಮಿಕ ಶಾಲೆಗೆ ಟೀಚರಾಗಿ ಹೋಗುವ ಹುಡುಗಿಯರಿಗೆ, ಸಣ್ಣ ಮಕ್ಕಳಿಗೆ ಚಿತ್ರ ಹೇಗೆ ಕಲಿಸಬೇಕೆಂದು ಹೇಳಿಕೊಡುವುದು ಅವಳ ಕೆಲಸ. ನಾನು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವನು. ಹುಬ್ಬಳ್ಳಿಯಿಂದ ವರ್ಗವಾಗಿ ಮೊದಲು ಅಹಮದಾಬಾದಿಗೆ, ಆಮೇಲೆ ಇಲ್ಲಿಗೆ ಬಂದು ಇಲ್ಲೇ ನಿವೃತ್ತನಾದೆ.

ಕಾಲೇಜಿನ ಗೇಟಿನಲ್ಲಿ ಅವಳನ್ನು ಇಳಿಸಿ, ಗಂಟು ಕೊಟ್ಟು ಹೊರಡುವವನಿದ್ದೆ.

"ಮನ್ಯಾಗ ಹೋಗಿ ಏನ್ ಮಾಡವ್ರು? ಬರ್ರಿ, ಹಿಂದಿನ ಬೆಂಚಿನ ಮ್ಯಾಲ ಕೂಡ್ರಿ. ಆದ್ರ ಕೈ ಹಿಂದ ಕಟ್ಕೋಬೇಕ್ ನೋಡ್ರಿ," ಎಂದು ನಕ್ಕಳು.

ಕೈ ಹಿಂದೆ ಕಟ್ಟುವುದು ಅವಳ ನಿಯಮ. ಮಕ್ಕಳು ಚಿತ್ರ ಬರೆಯುವಾಗ ಬೆಂಚುಗಳ ನಡುವೆ ಓಡಾಡುವ ಟೀಚರ್ ಕೈ ಹಿಂದೆ ಕಟ್ಟಿಕೊಂಡೇ ಇರಬೇಕು. ಇಲ್ಲದಿದ್ದರೆ ಕೈ ತಾನಾಗಿಯೇ ಮಗುವಿನ ಪೆನ್ಸಿಲ್ ಕಸಿದುಕೊಂಡು ತಿದ್ದಿಬಿಡುತ್ತದೆ ಎನ್ನುತ್ತಿದ್ದಳು. ಮನೆಯಲ್ಲಿ ನಾನು ವಾರೆಯಾದ ಕ್ಯಾಲೆಂಡರನ್ನು ನೆಟ್ಟಗೆ ಮಾಡಲು ಹೋದರೂ ಅಡುಗೆಮನೆಯಿಂದ "ಕೈ ಹಿಂದ!" ಎಂದು ಕೂಗುತ್ತಿದ್ದಳು.

ತರಗತಿಯಲ್ಲಿ ಗಂಟು ಬಿಚ್ಚಿ ಒಂದು ಚಿತ್ರ ಎತ್ತಿ ಹಿಡಿದಳು. ನಾವು ಅಹಮದಾಬಾದಿನಲ್ಲಿದ್ದಾಗ ವಟ್ವಾದ ಒಂದು ಶಾಲೆಯಿಂದ ತಂದದ್ದು. ಒಂದು ಮನೆ, ಒಂದು ಮೇಕೆ, ಅಡ್ಡಲಾಗಿ ಹರಿಯುವ ನೀರು. ಮಗು ನೀರಿಗೆ ಕೆಂಪು ಬಳಿದಿತ್ತು. ಅದರ ಮೇಲೆ ಒತ್ತಿ ಒತ್ತಿ ನೀಲಿ ತಿಕ್ಕಿದ್ದರೂ ಅಡಿಯ ಕೆಂಪು ಕಾಣುತ್ತಿತ್ತು.

"ಈ ನೀಲಿ ಯಾರದು?" ಎಂದು ಗುಜರಾತಿಯಲ್ಲಿ ಕೇಳಿದಳು.

"ಮಗುವಿಗೆ ಆಮೇಲೆ ನೆನಪಾಗಿರಬೇಕು ಬೆನ್, ನೀರು ನೀಲಿ ಅಂತ," ಎಂದಳು ಮುಂದಿನ ಸಾಲಿನ ಒಬ್ಬ ಹುಡುಗಿ. ಅಲ್ಲಿ ಟೀಚರನ್ನು 'ಬೆನ್', ಅಂದರೆ ಅಕ್ಕ, ಎಂದೇ ಕರೆಯುವುದು.

"ಅಲ್ಲ, ಅದು ಟೀಚರ್ ಹಚ್ಚಿದ್ದು. ಆ ಮಗುವಿನ ಮನೆ ಹಿಂದೆ ಬಣ್ಣದ ಕಾರ್ಖಾನೆಗಳ ನೀರು ಹರೀತಿತ್ತು. ನೀರು ಯಾವ ಬಣ್ಣ ಇರುತ್ತೆ ಅಂತ ಕೇಳಿದೆ. 'ಯಾವತ್ತಿನ ನೀರು?' ಅಂತ ನನ್ನನ್ನೇ ಕೇಳಿತು."

ಹುಡುಗಿಯರೆಲ್ಲ ನಕ್ಕರು. ಅವಳು ನಗಲಿಲ್ಲ.

"ಶಾಲೆಗೆ ಹೋದ ಮೊದಲ ವಾರವೇ ನೀವೂ ಇದೇ ನೀಲಿ ಹಚ್ಚುತ್ತೀರಿ. ಮಗು ಚಿತ್ರ ತಂದರೆ ಇದೇನು ಅಂತ ಕೇಳಬೇಡಿ, ಚೆಂದ ಇದೆ ಅಂತಲೂ ಅನ್ನಬೇಡಿ. 'ಇದರ ಬಗ್ಗೆ ಹೇಳು' ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ಕೇಳಿ."

ಮರುದಿನವೂ ಪಾಠ ಮುಂದುವರಿಸಬೇಕೆಂದು ಗಂಟನ್ನು ಕಾಲೇಜಿನ ಕಪಾಟಿನಲ್ಲೇ ಬಿಟ್ಟು ಬಂದಳು. ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದವಳು ಅಲ್ಲೇ ಬಿದ್ದಳು. ಮೆದುಳಿನಲ್ಲಿ ನರ ಒಡೆದಿದೆ ಎಂದರು ಡಾಕ್ಟರು. ಅವಳು ಮತ್ತೆ ಕಣ್ಣು ತೆರೆಯಲಿಲ್ಲ.

ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ನೆಲದ ಮೇಲೆ ಅವಳ ದೊಡ್ಡ ರಂಗೋಲಿ ಚಿತ್ರ. ಫೋಟೋಗೆ ಚೌಕುಳಿ ಹಾಕಿ, ಯಾರೋ ಮೇಷ್ಟ್ರು ಗೆರೆ ಎಳೆದುಕೊಟ್ಟಿದ್ದರಂತೆ. ಹುಡುಗಿಯರು ಗೆರೆ ದಾಟದ ಹಾಗೆ ಬಣ್ಣ ತುಂಬಿದ್ದರು. ಅವಳು ಬೇಡ ಬೇಡ ಎಂದು ವರ್ಷಗಟ್ಟಲೆ ಹೇಳಿದ ರೀತಿಯಲ್ಲೇ ಅವಳನ್ನು ಬರೆದಿದ್ದರು.

"ಅಂಕಲ್, ಬೆನ್ ಥರಾನೇ ಇದೆ ಅಲ್ವಾ?" ಎಂದು ಒಬ್ಬಳು ಅಳುತ್ತಾ ಕೇಳಿದಳು.

ಹೂಂ ಎಂದೆ. ನನ್ನ ಹೆಂಡತಿಯ ಎಡ ಹುಬ್ಬು ಬಲಕ್ಕಿಂತ ತುಸು ಮೇಲಿತ್ತು. ಅದನ್ನೂ ಸರಿಮಾಡಿದ್ದರು.

ಕೆಲವು ವಾರಗಳ ಮೇಲೆ ಗಂಟು ಕೇಳಲು ಹೋದೆ. ಅದೊಂದು ನನಗೆ ಬೇಕಿತ್ತು. ಪ್ರಿನ್ಸಿಪಾಲರು ಕುರ್ಚಿ ಕೊಟ್ಟು, ಚಹಾ ತರಿಸಿ ಹೇಳಿದರು: ಇನ್‌ಸ್ಪೆಕ್ಷನ್ ಇತ್ತು, ಕಪಾಟುಗಳನ್ನೆಲ್ಲ ಖಾಲಿ ಮಾಡಿ ಹಳೆ ಕಾಗದವನ್ನು ರದ್ದಿ ಕೊಳ್ಳುವ ಪಸ್ತಿಯವನಿಗೆ ಹಾಕಿದೆವು.

"ಅದರಲ್ಲಿ ಒಳ್ಳೆ ಚಿತ್ರ ಒಂದೂ ಇರಲಿಲ್ಲ ಭಾಯ್. ಎಲ್ಲಾ ಗೀಚಿದ್ದು. ಚಾದರ ಮಾತ್ರ ಎತ್ತಿಟ್ಟಿದ್ದೇವೆ, ಮನೆ ಸಾಮಾನು ಅಂತ."

ಚಾದರವನ್ನು ಒಗೆಸಿ, ಇಸ್ತ್ರಿ ಮಾಡಿಸಿ ಇಟ್ಟಿದ್ದರು. ಪಸ್ತಿ ಅಂಗಡಿಗೂ ಹೋದೆ. ಆ ಕಾಗದ ಎಂದೋ ಮಿಲ್ಲಿಗೆ ಹೋಯಿತು ಎಂದ ಅಂಗಡಿಯವನು.

ಸೂರತ್‌ನಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದೆ. "ಪಪ್ಪಾ, ಛೋಡೋ ನಾ. ಪೇಪರ್ ಅಷ್ಟ ಅಲ್ಲಾ? ಅಮ್ಮಂದು ಫೋಟೋ ಅದಾವಲ್ಲ, ಫ್ರೇಮ್ ಮಾಡ್ಸಿ ಕಳಸ್ತೀನಿ," ಎಂದಳು. ಕಳಿಸಿದಳು ಕೂಡ.

ಒಂದು ಆಸೆ ಉಳಿದಿತ್ತು. ಮುಂದಿನ ಸಾಲಿನ ಆ ಹುಡುಗಿ ವಟ್ವಾದ ಚಿತ್ರವನ್ನಾದರೂ ತೆಗೆದಿಟ್ಟುಕೊಂಡಿರಬಹುದೇ? ಕೋರ್ಸು ಮುಗಿದು ಅವಳಿಗೆ ಅಹಮದಾಬಾದಿನ ಬೋಡಕ್‌ದೇವ್‌ನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ ಎಂದು ತಿಳಿದು ರೈಲು ಹತ್ತಿದೆ. ಅವಳು ಗುರುತು ಹಿಡಿದು ಕಾಲಿಗೆ ನಮಸ್ಕರಿಸಿದಳು.

"ಇಲ್ಲ ಅಂಕಲ್. ಅವತ್ತು ಪಾಠ ಮುಗಿದ ಮೇಲೆ ಅದನ್ನ ಒಳಗಿಟ್ಟು ನಾನೇ ಗಂಟು ಕಟ್ಟಿದೆ."

ಅವಳ ತರಗತಿಯ ಗೋಡೆಯ ತುಂಬ ನವಿಲುಗಳು. ಎಲ್ಲವೂ ಒಂದೇ ನವಿಲು. ನಾವು ಮಾತಾಡುತ್ತಿರುವಾಗ ಒಂದು ಮಗು ತನ್ನ ಹಾಳೆ ತಂದು ತೋರಿಸಿತು. ನವಿಲಿನ ಕತ್ತು ಕಂದು ಬಣ್ಣದ್ದಾಗಿತ್ತು. ಅವಳು ಮಾತು ನಿಲ್ಲಿಸದೆಯೇ ನೀಲಿ ಬಣ್ಣದ ಕಡ್ಡಿ ಎತ್ತಿಕೊಂಡು ಕತ್ತಿಗೆ ಹಚ್ಚಿದಳು. ಮಗು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾ ನಿಂತಿತ್ತು.

ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. "ಪೇರೆಂಟ್ಸ್ ಕೇಳ್ತಾರೆ ಅಂಕಲ್. ಗೋಡೆ ಮೇಲೆ ಎಲ್ಲರದ್ದೂ ನೀಟಾಗಿರಬೇಕು," ಎಂದಳು.

ಅವಳಿಗೆ ಒಳ್ಳೆಯದಾಗಲಿ ಎಂದು ಹೇಳಿ ಬಂದೆ. ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಒಳ್ಳೆಯದೇನೂ ಇರಲಿಲ್ಲ.

ಮಗಳು ಕಳಿಸಿದ ಫೋಟೋ ಗೋಡೆಯ ಮೇಲಿದೆ. ಹಸಿರು ಚಾದರ ಕಪಾಟಿನಲ್ಲಿದೆ, ಮಡಿಕೆ ಬಿಚ್ಚಿಲ್ಲ. ಮಕ್ಕಳ ಚಿತ್ರಗಳು ಇಲ್ಲ.