ಹಾರಿದ ಕಾಳು ಎದುರು ಕೂತವನಿಗೆ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಪಕ್ಕದ ಮನೆಯ ಲಕ್ಷ್ಮಕ್ಕ ನನಗೊಂದು ಉಪಕಾರ ಮಾಡಿದರು. ಅದರಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ಭಾನುವಾರಗಳಂದು ನಾನು ಮನೆಯಲ್ಲೇ ಕಾಫಿ ಬೀಜ ಹುರಿಯುತ್ತೇನೆ. ಎಲ್ಲರೂ ಟೀ ಕುಡಿಯುವ ಚಳ್ಳಕೆರೆಯಲ್ಲಿ ಇದೊಂದು ವಿಲಕ್ಷಣ ಚಟವೆಂದು ಒಪ್ಪುತ್ತೇನೆ. ಅಡುಗೆಮನೆ ಇದಕ್ಕೆ ಒಗ್ಗುವುದಿಲ್ಲ (ಹೊಗೆ ವಾರವಿಡೀ ಗೋಡೆ ಬಿಡುವುದಿಲ್ಲ). ಆದ್ದರಿಂದ ಹಿತ್ತಿಲಲ್ಲಿ ಇದ್ದಿಲೊಲೆ, ಅದರ ಮೇಲೆ ಕಬ್ಬಿಣದ ಬಾಣಲೆ, ಕೈಯಲ್ಲಿ ಮರದ ಸೌಟು. ಹಸಿರು ಬೀಜ ಹಳದಿಯಾಗಿ, ಕಂದುಬಣ್ಣಕ್ಕೆ ತಿರುಗಿ, ಒಂದು ಹಂತದಲ್ಲಿ ಚಟಪಟ ಸಿಡಿಯತೊಡಗುತ್ತದೆ. ಆಗ ಕೆಲವು ಕಾಳುಗಳು ಬಾಣಲೆಯಿಂದ ಹೊರಕ್ಕೆ ಹಾರುತ್ತವೆ.

ಹಾರಿದ ಕಾಳನ್ನು ಏನು ಮಾಡಬೇಕು?

ಮತ್ತೆ ಬಾಣಲೆಗೆ ಹಾಕುವುದು ಸಲ್ಲದು. ನೆಲಕ್ಕೆ ಬಿದ್ದ ಕ್ಷಣದಲ್ಲೇ ಅದರ ಹುರಿತ ನಿಂತಿರುತ್ತದೆ. ಬಾಣಲೆಯಲ್ಲಿ ಉಳಿದವು ಮುಂದೆ ಹೋಗಿರುತ್ತವೆ. ಬೇರೆ ಬೇರೆ ಕಾಲದವನ್ನು ಬೆರೆಸಬಾರದೆಂಬುದು ಶಾಸನಗಳನ್ನೋದಿ ನಿವೃತ್ತನಾದ ನನ್ನ ವೃತ್ತಿಧರ್ಮವೂ ಹೌದು. ಹಾಗಾದರೆ ಎಸೆಯುವುದೇ? ಅದೂ ಅಲ್ಲ. ನಮ್ಮಲ್ಲಿ ಅದಕ್ಕೊಂದು ನಿಯಮವಿದೆ: ಹಾರಿದ ಕಾಳು ಎದುರು ಕೂತವನಿಗೆ.

ಎದುರು ಕೂರುತ್ತಿದ್ದವನು ತಿಪ್ಪೇಸ್ವಾಮಿ. ಮೊಳಕಾಲ್ಮುರಿನವನು, ರೇಷ್ಮೆ ಸೀರೆಯ ವ್ಯಾಪಾರಿ, ನನ್ನ ಬಾಲ್ಯದ ಸಹಪಾಠಿ. ಬೆಳಗಿನ ಬಸ್ಸಿಗೆ ಬಂದು, ‘ಏಮ್ರಾ, ಇನ್ನೂ ಒಲೆ ಹಚ್ಚಿಲ್ವಾ?’ ಎಂದು ತೆಲುಗನ್ನೂ ಕನ್ನಡವನ್ನೂ ಕಲಸಿ ಗದರುತ್ತಾ ಮಣೆ ಎಳೆದುಕೊಳ್ಳುತ್ತಿದ್ದ. ಹಾರಿದ ಕಾಳನ್ನು ಬಿಸಿ ಆರುವ ಮೊದಲೇ ಬಾಯಿಗೆಸೆದು ಕಟುಮ್ಮನೆ ಕಡಿಯುತ್ತಿದ್ದ. ‘ಇನ್ನೂ ಹಸಿ ಐತೆ ಕಣಲೇ’ ಎನ್ನುತ್ತಿದ್ದ, ಇಲ್ಲವೇ ‘ಸಾಕು, ಇಳಿಸು’. ಆ ತೀರ್ಪಿನ ಮೇಲೆಯೇ ನಾನು ಬಾಣಲೆ ಇಳಿಸುತ್ತಿದ್ದುದು.

ಈ ನಿಯಮ ಹುಟ್ಟಿದ್ದು ಜಟಿಂಗ ರಾಮೇಶ್ವರದ ಬೆಟ್ಟದ ಬುಡದಲ್ಲಿ. ನಾವಿಬ್ಬರೂ ಶಾಸನ ನೋಡಿ ಇಳಿದು ಬಂದು, ಮೂರು ಕಲ್ಲು ಹೂಡಿ ಕಾಫಿ ಹುರಿದೆವು. (ಶಾಸನ ನೋಡಲು ಹೋಗುವವರು ಹಸಿ ಕಾಫಿ ಬೀಜ ಕಟ್ಟಿಕೊಂಡು ಹೋಗುತ್ತಾರೆಯೇ? ನಾವು ಹೋಗಿದ್ದೆವು.) ಮೊದಲ ಕಾಳು ಹಾರಿ ಅವನ ಮಡಿಲಿಗೇ ಬಿತ್ತು, ತಿಂದ.

ಸ್ಥಳದ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ. ತಕರಾರು ಇರುವುದು ಕಾಲದ ಬಗ್ಗೆ. ಅದು ಅವನ ಮದುವೆಗೆ ಮುಂಚೆ ಎಂದು ನಾನು, ಅನಂತರ ಎಂದು ಅವನು. ‘ಅವತ್ತು ನನ್ನ ಹೆಂಡ್ತಿ ಮಾಡಿದ ಚಟ್ನಿಪುಡಿ ತಿಂದು ಬೆರಳು ನೆಕ್ಕಿದೋನು, ಮದ್ವೇನೇ ಆಗಿರ್ಲಿಲ್ಲ ಅಂತೀಯಲ್ಲಲೇ!’ ಎಂದು ಬಾಣಲೆಯ ಆಚೆಯಿಂದ ಕೂಗುತ್ತಿದ್ದ. ಒಂದು ಕಾಲನಿರ್ಣಯ ನಿಲ್ಲಬೇಕಾದರೆ ಎರಡನೆಯ ಸಾಕ್ಷಿ ಬೇಕು. ಆ ದಿನಕ್ಕೆ ನನ್ನನ್ನು ಬಿಟ್ಟರೆ ಇರುವ ಸಾಕ್ಷಿ ಅವನೊಬ್ಬನೇ. ಅವನು ಒಪ್ಪದ್ದರಿಂದ ನಾನಿದನ್ನು ಈ ಅಂಕಣದಲ್ಲಿ ಎಂದೂ ಬರೆದವನಲ್ಲ.

ಮಳೆಗಾಲದಲ್ಲಿ ತಿಪ್ಪೇಸ್ವಾಮಿಗೆ ಹೃದಯದ ಆಪರೇಷನ್ ಆಯಿತು. ಕಾಫಿ ಬೇಡ, ಬಸ್ಸಿನ ಕುಲುಕಾಟ ಸದ್ಯಕ್ಕೆ ಬೇಡ ಎಂದಿದ್ದಾರೆ ಡಾಕ್ಟರು. ಒಂದೆರಡು ಬಾರಿ ನಾನೇ ಹೋಗಿ ಬಂದೆ. ನೋಡಲು ಬಂದ ನೆಂಟರ ನಡುವೆ ಕೂತು, ಕೊಟ್ಟ ಹಾಲು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಫೋನ್ ಮಾಡಿದಾಗಲೆಲ್ಲ ‘ಬರ್ತೀನಿ ತಗಾ’ ಅನ್ನುತ್ತಾನೆ. ಯಾವತ್ತು? ‘ಬರ್ತೀನಿ ಅಂದ್ನಲ್ಲಪ್ಪಾ.’

ತೇದಿಯಿಲ್ಲದ ಶಾಸನವನ್ನು ಅಕ್ಷರದ ಮೈಕಟ್ಟು ನೋಡಿ ಇಂಥ ಶತಮಾನದ್ದೆಂದು ಹೇಳಬಹುದು. ತೇದಿಯಿಲ್ಲದ ‘ಬರ್ತೀನಿ’ಯನ್ನು ಏನು ನೋಡಿ ಹೇಳುವುದು?

ಅಂದಿನಿಂದ ಅಂದಾಜಿನ ಮೇಲೆ ಹುರಿಯುತ್ತಿದ್ದೇನೆ. ಒಂದು ವಾರ ಕರಕಲು, ಇನ್ನೊಂದು ವಾರ ಹಸಿ. ಹಾರಿದ ಕಾಳುಗಳನ್ನು ಮಾತ್ರ ಹೆಕ್ಕಿ ಒಂದು ಸ್ಟೀಲ್ ಬಟ್ಟಲಲ್ಲಿ ಹಾಕಿಡುತ್ತಿದ್ದೆ. ಅವನ ಪಾಲು, ಅವನು ಬಂದಾಗ ಕೊಟ್ಟರಾಯಿತು ಎಂದು.

ಭಾನುವಾರ ಹೊಗೆ ಕಂಡು ಲಕ್ಷ್ಮಕ್ಕ ಬಂದರು. ‘ಸಾ, ಈ ಬಟ್ಲಾಗಿರೋವ್ನ ಯಾಕೆ ಬ್ಯಾರೆ ಇಕ್ಕಿದೀರಿ?’ ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, ‘ಅವೂ ಬೀಜಾನೇ ಅಲ್ವಾ, ಸುಮ್ನೆ ಹಾಳಾಗ್ತವೆ’ ಎಂದು ಬಟ್ಟಲನ್ನು ಬಾಣಲೆಗೆ ಸುರಿದೇಬಿಟ್ಟರು.

ಸೌಟಿನಿಂದ ಕೆದಕಿದೆ, ಬೆರಳಿನಿಂದ ಹೆಕ್ಕಿದೆ. ಯಾವುದು ಇಂದಿನದು, ಯಾವುದು ಅವನದು? ಬಣ್ಣ ನೋಡಿ ಕಾಲ ಹೇಳುವ ಕಣ್ಣು ನನ್ನದೆಂಬ ಹಮ್ಮಿತ್ತು. ನೋಡುನೋಡುತ್ತಿದ್ದಂತೆ ಎಲ್ಲವೂ ಒಂದೇ ಕಪ್ಪಾದವು.

‘ಅಯ್ಯೋ ಸಾ, ಬೆರಳು ಸುಟ್ಕಂಡ್ರಲ್ಲ! ಒಂದು ಹಿಡಿ ಕಾಳಿಗೆ ಇಷ್ಟಾ? ಯಾರ್ದು ಅವು?’

‘ತಿಪ್ಪೇಸ್ವಾಮೀದು.’

‘ಅವ್ರು ಈಗ ಬರಾದೇ ಇಲ್ವಲ್ಲ ಸಾ?’ ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಮನೆಗೆ ಹೋಗಿ ಬೆರಳಿಗೆ ಬೆಣ್ಣೆ ತಂದುಕೊಟ್ಟರು.

ಮಧ್ಯಾಹ್ನ ಫೋನ್ ಮಾಡಿ ಅವನಿಗೆ ಎಲ್ಲವನ್ನೂ ವರದಿ ಮಾಡಿದೆ. ಬೈಗುಳಕ್ಕೆ ಕಾದೆ. ‘ಹೂಂ’ ಎಂದನಷ್ಟೆ. ‘ಏಮ್ರಾ’ ಇಲ್ಲ, ‘ಕಣಲೇ’ ಇಲ್ಲ. ಕೆರಳಿಸೋಣವೆಂದು ಬೇಕೆಂದೇ ಸ್ಥಳವನ್ನೂ ತಪ್ಪು ಹೇಳಿದೆ: ‘ಮೊದಲ್ನೇ ಕಾಳು ಹಾರಿದ್ದು ಸಿದ್ದಾಪುರದಾಗೆ ಅಲ್ವೇನೋ? ನಿನ್ನ ಮದ್ವೆಗೆ ಮುಂಚೆ?’

ಆ ಕಡೆಯಿಂದ, ‘ಇರ್ಬೋದು ಕಣೋ. ನೀ ಹೇಳಿದ್ಮೇಲೆ ಸರೀನೇ ಇರ್ತೈತೆ.’

ಇಷ್ಟು ವರ್ಷಗಳ ವಾದದಲ್ಲಿ ನಾನು ಗೆದ್ದೆ. ಹಿತ್ತಿಲಿಗೆ ಬಂದು ಖಾಲಿ ಮಣೆಯ ಎದುರು ಕೂತೆ. ಒಲೆ ಆರಿತ್ತು. ವಾದಿಸಿ ಸೋತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು.

ಪರಿಶೀಲಿಸದ ಒಂದು ತೇದಿಯನ್ನೂ ಈ ಅಂಕಣ ಇದುವರೆಗೆ ಅಚ್ಚು ಮಾಡಿಲ್ಲವೆಂಬುದು ಓದುಗರಿಗೆ ಗೊತ್ತು. ತಿಪ್ಪೇಸ್ವಾಮಿ ಇದನ್ನು ಓದುತ್ತಾನೆಂಬುದು ನನಗೆ ಗೊತ್ತು. ಆದ್ದರಿಂದ ಇಂದು ಬುದ್ಧಿಪೂರ್ವಕವಾಗಿ ಘೋಷಿಸುತ್ತಿದ್ದೇನೆ: ಮೊದಲ ಕಾಳು ಹಾರಿದ್ದು ಸಿದ್ದಾಪುರದಲ್ಲಿ, ತಿಪ್ಪೇಸ್ವಾಮಿಗೆ ಆಗಿನ್ನೂ ಮದುವೆಯಾಗಿರಲಿಲ್ಲ, ನಾವು ತಿಂದ ಚಟ್ನಿಪುಡಿ ಅಂಗಡಿಯದು. ಫೋನಿನಲ್ಲಿ ಹೇಳುವ ತಿದ್ದುಪಡಿಯನ್ನು ಸ್ವೀಕರಿಸಲಾಗುವುದಿಲ್ಲ. ಒಲೆಯ ಎದುರು ಬಂದು ಕೂತೇ ತಿದ್ದಬೇಕು.

ಹೆಂಡತಿಯ ಚಟ್ನಿಪುಡಿಯನ್ನು ಅಂಗಡಿಯದೆಂದವನನ್ನು ಅವನು ಸುಮ್ಮನೆ ಬಿಡುತ್ತಾನೆಯೇ?