ಎಡಗಡೆಯ ಪೆಟ್ಟಿಗೆ

ಹುಮನಾಬಾದಿನ ನಮ್ಮ ಬಾಡಿಗೆ ಮನೆಯಲ್ಲಿ ಕುರ್ಚಿಗಳು ನಾಲ್ಕಿದ್ದವು. ಹಾಡು ಸರಿಯಾಗಿ ಕೇಳುತ್ತಿದ್ದುದು ಮಾತ್ರ ಒಂದರಲ್ಲಿ. ಅದು ನನ್ನ ಗಂಡನ ಕುರ್ಚಿ. ಅದರ ಕಾಲುಗಳ ಸುತ್ತ ಅವರು ಸೀಮೆಸುಣ್ಣದಿಂದ ಗುರುತು ಹಾಕಿದ್ದರು. ಕಸ ಗುಡಿಸುವಾಗ ಕುರ್ಚಿ ಒಂದು ಬೆರಳು ಸರಿದರೂ ಸಂಜೆ ಅವರಿಗೆ ಗೊತ್ತಾಗುತ್ತಿತ್ತು, ಮುಖ ಗಂಟಾಗುತ್ತಿತ್ತು. ಸೀಮೆಸುಣ್ಣ ನಾನೇ ತಂದದ್ದು. ನಾನು ಹತ್ತಿರದ ಹುಡಗಿ ಗ್ರಾಮದ ಶಾಲೆಯಲ್ಲಿ ಟೀಚರ್ ಆಗಿದ್ದೆ, ಅವರು ಪೇಟೆಯ ಪೈಪು-ಪಂಪಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಮಗೆ ಮಕ್ಕಳಾಗಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ಮಕ್ಕಳೆಲ್ಲಿ ಎಂದು ಹುಡುಕುತ್ತಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ಹೈದರಾಬಾದಿನಿಂದ ಒಂದು ಕ್ಯಾಸೆಟ್ ಡೆಕ್ಕು, ಒಂದು ಆಂಪ್ಲಿಫೈಯರು, ಮೊಳಕಾಲೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ ತಂದರು. ಜನ ಸ್ಪೀಕರನ್ನು ಅಟ್ಟದ ಮೇಲಿಡುತ್ತಾರೆ, ಇಲ್ಲವೇ ಎರಡನ್ನೂ ಒಂದರ ಮೇಲೊಂದು ಪೇರಿಸಿ ಮೇಲೆ ಹೂದಾನಿ ಇಡುತ್ತಾರೆ. ಹಾಗೆ ಇಟ್ಟವರನ್ನು ಕಂಡರೆ ಇವರಿಗೆ ಮೈ ಉರಿಯುತ್ತಿತ್ತು. ಎರಡು ಪೆಟ್ಟಿಗೆ, ಕೇಳುವವನ ತಲೆ, ಈ ಮೂರರ ನಡುವೆ ಒಂದೇ ಅಂತರ ಇರಬೇಕಂತೆ. ಪೆಟ್ಟಿಗೆ ಹಿಂದಿನ ಗೋಡೆಯಿಂದ ಎರಡು ಮೊಳ ಮುಂದಿರಬೇಕಂತೆ. ಆಗ ಹಾಡುವವಳ ದನಿ ಯಾವ ಪೆಟ್ಟಿಗೆಯಿಂದಲೂ ಬಾರದೆ ಅವೆರಡರ ನಡುವಿನ ಖಾಲಿ ಜಾಗದಿಂದ ಬರುತ್ತದಂತೆ. ಅಳೆಯಲು ಟೇಪು ಸಿಗದೆ ನನ್ನ ಲಂಗದ ಲಾಡಿಯನ್ನೇ ಬಿಚ್ಚಿಕೊಂಡರು.

ಆದರೆ ದನಿ ನಡುವೆ ನಿಲ್ಲಲಿಲ್ಲ, ಬಲಕ್ಕೆ ಜರುಗಿತು. ಕಾರಣ ಹುಡುಕಲು ಅವರು ಕೋಣೆಯ ನಡುವೆ ನಿಂತು ಚಪ್ಪಾಳೆ ಹೊಡೆದರು. ಒಂದು ವಾರ ದಿನಾ ಸಂಜೆ ಹೊಡೆದರು. ಪಕ್ಕದ ಮನೆಯ ಖಾಲಾ, ನಾವೆಲ್ಲ ಹಾಗೇ ಕರೆಯುತ್ತಿದ್ದ ಮುಸಲ್ಮಾನ ಮುದುಕಿ, ಮಂಗ ಬಂದಿವೆಯೇನು ಎಂದು ಗೋಡೆಯಾಚೆಯಿಂದ ಕೇಳಿದಳು. ಕೊನೆಗೆ ಸಿಕ್ಕಿದ್ದು ಇಷ್ಟು: ಬಲಗಡೆ ಬರಿಯ ಕಲ್ಲುಗೋಡೆ ದನಿಯನ್ನು ಹಿಂದಕ್ಕೆ ಒಗೆಯುತ್ತದೆ, ಎಡಗಡೆ ಬಾಗಿಲಿಲ್ಲದ ಪಡಸಾಲೆಯ ದಾರಿಯಲ್ಲಿ ದನಿ ಹೊರಗೆ ಹೋಗುತ್ತದೆ.

ಮುಂದಿನ ಭಾನುವಾರ ನನ್ನ ಕೈಗೆ ಕನ್ನಡಿ ಕೊಟ್ಟರು. ನಾನು ಅದನ್ನು ಬಲಗೋಡೆಗೆ ಹಚ್ಚಿ ಮೆಲ್ಲಗೆ ಸರಿಸಬೇಕು, ಅವರು ಕುರ್ಚಿಯಲ್ಲಿ ಕೂತು ನೋಡಬೇಕು. ಅವರಿಗೆ ಕನ್ನಡಿಯಲ್ಲಿ ಎಲ್ಲಿ ಪೆಟ್ಟಿಗೆ ಕಾಣುತ್ತದೋ ಅಲ್ಲಿಂದಲೇ ದನಿ ಪುಟಿದು ಕಿವಿಗೆ ಬರುತ್ತದೆ, ಅಲ್ಲಿ ಮೆತ್ತನೆಯದೇನಾದರೂ ತೂಗುಹಾಕಬೇಕು. ಮನೆಯಲ್ಲಿ ಮೆತ್ತನೆಯದು ಎಂದರೆ ನನ್ನ ಅವ್ವ ಹೊಲಿದು ಕೊಟ್ಟ ಕೌದಿಗಳು. ಅಜ್ಜಿಯ ಸೀರೆ, ದೊಡ್ಡವ್ವನ ಸೀರೆ, ಅಪ್ಪನ ಧೋತರ ಎಲ್ಲ ಅದರಲ್ಲಿದ್ದವು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಅವ್ವ ಪ್ರತಿ ಕೌದಿಯ ಮೂಲೆಯಲ್ಲಿ ಒಂದು ಚಿಟಿಕೆ ಜೋಳ ಇಟ್ಟು ಹೊಲಿಯುತ್ತಿದ್ದಳು. ಇವರು ಸರಿಯಾಗಿ ಆ ಮೂಲೆಗೇ ಮೊಳೆ ಹೊಡೆದರು. ಜೋಳ ಪರ್ಶಿಕಲ್ಲಿನ ನೆಲದ ಮೇಲೆ ಉದುರಿತು. ನಾನು ಎರಡು ದಿನ ಮಾತು ಬಿಟ್ಟೆ.

ಮೂರನೆಯ ದಿನ ಅವರೇ ಕರೆದು ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ವಚನ ಹಾಡಿದ ಒಂದು ಕ್ಯಾಸೆಟ್ಟು ಹಾಕಿದರು. ಎಡಕ್ಕೆ ತಬಲಾ, ಬಲಕ್ಕೆ ಹಾರ್ಮೋನಿಯಂ. ನಡುವೆ, ಏನೂ ಇಲ್ಲದ ಜಾಗದಲ್ಲಿ, ಒಬ್ಬ ಹೆಂಗಸು ಉಸಿರೆಳೆದುಕೊಂಡು ಹಾಡತೊಡಗಿದಳು. ನನಗೆ ಮೈ ಜುಮ್ಮೆಂದಿತು. ಸಿಟ್ಟು ಇಳಿದುಹೋಯಿತು. ಸವತಿಯನ್ನು ಮನೆಗೆ ತಂದು ಕೂರಿಸಿಬಿಟ್ಟಿರಲ್ಲ ಎಂದೆ. ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಮ್ಮ ಸಂಸಾರದಲ್ಲಿ ಅಷ್ಟು ಸುಖದ ದಿನ ಇನ್ನೊಂದು ನನಗೆ ನೆನಪಾಗುವುದಿಲ್ಲ.

ಆಮೇಲಿನ ಏಳೆಂಟು ವರ್ಷ ಸವತಿ ತನ್ನ ಜಾಗದಲ್ಲೇ ಇದ್ದಳು. ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಸಂಜೆ ಅವರು ಹಾಡನ್ನು ನಡುವೆಯೇ ನಿಲ್ಲಿಸಿ, ದನಿ ಮತ್ತೆ ಬಲಕ್ಕೆ ಹೋಗುತ್ತಿದೆ ಎಂದರು. ಕೌದಿ ಹಳೆಯದಾಯಿತು ಎಂದು ಅದರ ಮೇಲೆ ಇನ್ನೊಂದು ಹಾಕಿದರು. ಆರು ತಿಂಗಳಿಗೆ ಮೂರನೆಯದು. ಗೋಡೆಯ ಗೂಡುಗಳಿಗೆ ತಲೆದಿಂಬು ತುರುಕಿದರು. ಎಡಗಡೆಯ ದಾರಿಗೆ ಮೊದಲು ಪರದೆ, ನಂತರ ಹಲಗೆ. ಹಲಗೆ ಬಡಿದ ಮೇಲೆ ನಾನು ಅಡುಗೆಮನೆಗೆ ಹೋಗಬೇಕೆಂದರೆ ಅಂಗಳ ಸುತ್ತಿ ಹಿತ್ತಿಲಿನಿಂದ ಹೋಗಬೇಕಾಯಿತು. ಕೈಯಲ್ಲಿ ಚಹಾದ ಕಪ್ಪು ಹಿಡಿದು ಮನೆಗೆ ಪ್ರದಕ್ಷಿಣೆ ಹಾಕುವ ನನ್ನನ್ನು ನೋಡಿ ಖಾಲಾ ತಲೆ ತಲೆ ಚಚ್ಚಿಕೊಂಡಳು.

ಅವರಿಲ್ಲದ ಒಂದು ಮಧ್ಯಾಹ್ನ ನಾನು ಆ ಕುರ್ಚಿಯಲ್ಲಿ ಕೂತು ಅದೇ ಕ್ಯಾಸೆಟ್ಟು ಹಾಕಿದೆ. ಹಾಡುವವಳು ಎಡಕ್ಕೆ, ಹೆಚ್ಚುಕಡಿಮೆ ತಬಲಾದವನ ತೊಡೆಯ ಮೇಲೆ ಇದ್ದಳು. ನನಗೆ ನಗು ಬಂತು. ಅರ್ಧ ನಗುವಿನಲ್ಲೇ ಅದು ನಿಂತುಹೋಯಿತು. ಯಾಕೆಂದರೆ ಅವರು ಫೋನನ್ನು ಈಚೆಗೆ ಬಲಗಿವಿಗೇ ಹಿಡಿಯುತ್ತಿದ್ದುದು ನೆನಪಾಯಿತು. ಎಡಕ್ಕೆ ಹಿಡಿದು ಬಲಗೈಯಲ್ಲಿ ಬರೆಯುತ್ತಿದ್ದ ಮನುಷ್ಯ ಅವರು.

ಮರುದಿನ ಅವರು ಪೇಪರ್ ಓದುವಾಗ ಎಡಗಡೆ ನಿಂತು, ಚಹಾ ಮಾಡಲೇ ಎಂದು ಮೆಲ್ಲಗೆ ಕೇಳಿದೆ. ಉತ್ತರ ಬರಲಿಲ್ಲ. ಬಲಗಡೆಗೆ ಬಂದು ಅಷ್ಟೇ ಮೆಲ್ಲಗೆ ಕೇಳಿದೆ. ಪೇಪರಿನಿಂದ ಕಣ್ಣೆತ್ತದೆ ಹೂಂ ಎಂದರು. ಮೂರು ದಿನ ಹೀಗೇ ಮಾಡಿ ನೋಡಿದೆ. ಮೂರನೆಯ ದಿನ ಒಲೆಯ ಮುಂದೆ ಕೂತು ರೊಟ್ಟಿ ಹೊತ್ತಿಸಿದೆ.

ಹೇಳಲಿಲ್ಲ. ಇಷ್ಟು ವರ್ಷದ ಮೇಲೂ ಅದಕ್ಕೊಂದು ಒಳ್ಳೆಯ ಕಾರಣ ನನಗೆ ಸಿಕ್ಕಿಲ್ಲ. ತಪ್ಪು ಗೋಡೆಯದು ಎಂದು ನಂಬಿದ್ದಷ್ಟು ದಿನ ಅವರಿಗೆ ಮಾಡಲು ಕೆಲಸವಿತ್ತು, ಭಾನುವಾರ ಬಂದರೆ ಹುರುಪಿತ್ತು, ನನ್ನೊಡನೆ ಮಾತಿತ್ತು. ಬಲಕ್ಕೆ ಹಿಡಿ, ಕನ್ನಡಿ ಸರಿಸು, ಇನ್ನೊಂದು ಗೇಣು ಎಂಬ ಮಾತೇ ಇರಲಿ, ಮಾತು ಮಾತೇ. ಅದು ನಿಂತುಹೋಗುತ್ತದೆ ಎಂದು ಹೆದರಿದೆ. ನಾನು ಹೇಡಿ, ಅಷ್ಟೇ.

ಕೊನೆಗೆ ಅವರು ಮನೆಯನ್ನೇ ಬಿಡುವುದೆಂದು ನಿಶ್ಚಯಿಸಿದರು. ಎಡಬಲ ಎರಡೂ ಗೋಡೆ ಒಂದೇ ತರಹ ಇರುವ ಕೋಣೆಗಾಗಿ ಮೂರು ತಿಂಗಳು ಹುಡುಕಿ, ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಒಂದು ಹಳೆಯ ಮನೆ ಹಿಡಿದರು. ಅವರ ಅಂಗಡಿ ಹುಮನಾಬಾದಿನಲ್ಲಿ, ನನ್ನ ಶಾಲೆ ಅದರಾಚೆ. ಅಂದರೆ ನನಗೆ ದಿನಾ ಎರಡು ಬಸ್ಸು ಹೋಗಲು, ಎರಡು ಬಸ್ಸು ಬರಲು. ಒಂದು ಮಾತು ಹೇಳಿದ್ದರೆ ಸಾಮಾನು ಕಟ್ಟುವುದೇ ತಪ್ಪುತ್ತಿತ್ತು. ನಾನು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ತುಂಬಿದೆ.

ಹೊಸ ಮನೆಯಲ್ಲಿ ಅವರು ಮೂರು ಭಾನುವಾರ ಕೆಲಸ ಮಾಡಿದರು. ಪೆಟ್ಟಿಗೆಗಳ ಕೆಳಗೆ ಪರ್ಶಿಕಲ್ಲು, ಎರಡೂ ಗೋಡೆಗೆ ಸಮನಾಗಿ ಎರಡೆರಡು ಕೌದಿ, ಹಿಂದೆ ಹತ್ತಿ ತುಂಬಿದ ಗೋಣಿಚೀಲ. ಕೋಣೆಯಲ್ಲಿ ಚಪ್ಪಾಳೆ ಹೊಡೆದರೆ ಹಾಸಿಗೆಗೆ ಗುದ್ದಿದಷ್ಟೇ ಸದ್ದು. ಮೂರನೆಯ ಭಾನುವಾರ ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಅರ್ಧ ಹಾಡು ಕೇಳಿದರು. ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಜರಾ ಬಂದ್ ಕೂಡು. ಆಕಿ ನಡುವ ಅದಾಳೋ ಇಲ್ಲೋ, ಖರೇ ಹೇಳು," ಎಂದರು.

ಕೂತೆ. ಅವಳು ನಡುವೆಯೇ ಇದ್ದಳು. ಮೊದಲ ಸಲಕ್ಕಿಂತ ಸ್ಪಷ್ಟವಾಗಿ, ತುಟಿ ಬಿಚ್ಚಿದ್ದು ಗೊತ್ತಾಗುವ ಹಾಗೆ. ಅಷ್ಟು ಚೆಂದದ ಕೋಣೆಯನ್ನು ಅವರು ಕಟ್ಟಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

"ನಡುವೇ ಅದಾಳ್ರಿ. ಖೋಲಿ ಬರಾಬರ್ ಅದ, ಪೆಟಗಿ ಬರಾಬರ್ ಅವ. ನಿಮ್ಮ ಎಡಗಿವಿ ಕೇಳವಲ್ದು."

ಅವರು ಎಡಗಡೆಯ ಪೆಟ್ಟಿಗೆಯ ಹತ್ತಿರ ಹೋಗಿ ಕೂತು ಎಡಗಿವಿಯನ್ನು ಅದಕ್ಕೆ ಹಚ್ಚಿದರು. ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. ತಬಲಾ ಬಡಿಯುತ್ತಲೇ ಇತ್ತು.

"ನಿನಗ ಯಾವಾಗಿಂದ ಮಾಲೂಮ್ ಅದ?"

"ಎರಡ್ ವರ್ಷ ಆತ್ರಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಕ್ಯಾಸೆಟ್ಟು ನಿಲ್ಲಿಸಿ, ಒಂದೊಂದೇ ಮೊಳೆ ಕಿತ್ತು, ಕೌದಿಗಳನ್ನು ಇಳಿಸಿ, ಧೂಳು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿ ನನ್ನ ಟ್ರಂಕಿನ ಮೇಲೆ ಇಟ್ಟರು.

ಬೀದರಿನ ಡಾಕ್ಟರು ಪರೀಕ್ಷೆ ಮಾಡಿ ನರ ಸತ್ತಿದೆ ಎಂದರು. ಮೊದಲಿಗೇ ಬಂದಿದ್ದರೆ ಔಷಧಿ ಹಿಡಿಯುತ್ತಿತ್ತೋ ಇಲ್ಲವೋ ಈಗ ಹೇಳಲಾಗದು, ಎಷ್ಟು ದಿನವಾಯಿತು ಎಂದು ಕೇಳಿದರು. ಇವರು, ಈಚೆಗೆ ಎಂದರು. ನನ್ನ ಕಡೆ ನೋಡಲಿಲ್ಲ. ಕಿವಿ ಮಂದವಾದಾಗಿನಿಂದ ತಮಗೇ ತಿಳಿಯದೆ ಅವರು ಬಸ್ಸಿನಲ್ಲಿ ನನ್ನನ್ನು ಬಲಕ್ಕೆ ಕೂರಿಸಿಕೊಳ್ಳುತ್ತಿದ್ದರು. ಆ ದಿನ ಮರಳುವಾಗ ಬಲಗಡೆಯ ಕಿಟಕಿಗೆ ತಾವೇ ಸರಿದು ಕೂತರು. ನಾನು ಅವರ ಎಡಕ್ಕೆ ಕೂತೆ. ಬಸವಕಲ್ಯಾಣದವರೆಗೆ ನಾನು ಏನೇನು ಹೇಳಿಕೊಂಡೆನೋ ಅವರಿಗೆ ಗೊತ್ತಿಲ್ಲ.

ಒಂದೇ ಕಿವಿ ಇದ್ದವರಿಗೆ ದನಿ ಕೇಳುತ್ತದೆ, ಅದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು. ಊಟಕ್ಕೆ ಬರ್ರಿ ಎಂದು ಅಡುಗೆಮನೆಯಿಂದ ಕೂಗಿದರೆ ಅವರು ಎದ್ದು ಬೀದಿಬಾಗಿಲಿಗೆ ಹೋಗುತ್ತಿದ್ದರು. ಅಂಗಳದ ನಡುವೆ ನಿಂತು ತಲೆಯನ್ನು ಅತ್ತ ಇತ್ತ ತಿರುಗಿಸಿ, ಎಲ್ಲಿದ್ದೀ ಎಂದು ಕೇಳುತ್ತಿದ್ದರು. ಹತ್ತು ಹೆಜ್ಜೆ ದೂರದಲ್ಲಿ ನಾನಿರುತ್ತಿದ್ದೆ. ಮೊದಮೊದಲು ಹುಡುಕಿಕೊಂಡು ಬಂದುಬಿಡುತ್ತಿದ್ದರು, ಅದೂ ಒಂದು ಸಮಾಧಾನವಾಗಿತ್ತು.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತಿದ್ದವರನ್ನು ಕೂಗಿದೆ. ಬಾಗಿಲ ಸಂದಿನಿಂದ ಅವರ ಮುಖ ನನಗೆ ಕಾಣುತ್ತಿತ್ತು. ನನ್ನ ದನಿ ಅವರಿಗೆ ಮುಟ್ಟಿತು, ಹುಬ್ಬು ಮೇಲೆ ಹೋದದ್ದು ನೋಡಿದೆ. ಇನ್ನೊಮ್ಮೆ ಕೂಗಿದೆ. ಅವರು ಎಡಕ್ಕೆ ತಿರುಗಲಿಲ್ಲ, ಬಲಕ್ಕೆ ತಿರುಗಲಿಲ್ಲ. ಪೇಪರಿನ ಹಾಳೆ ಮಗುಚಿ ಓದತೊಡಗಿದರು.